ಸುಮ್ಮನೆ ಕೂರುವವರು

ಜೂನ್ 2, ಬೆಳಿಗ್ಗೆ

ಲೈಬ್ರರಿ ಶಟರ್ ಮತ್ತೆ ಅರ್ಧಕ್ಕೇ ಸಿಕ್ಕಿಕೊಂಡಿತು. ಬಗ್ಗಿ ನುಗ್ಗಿದೆ. ಈ ವಯಸ್ಸಿಗೆ, ಈ ಮಂಡಿಗೆ, ಇದೊಂದು ಬಾಕಿ ಇತ್ತು. ಲೈಟು, ಫ್ಯಾನು, ಪೇಪರ್‌ಗಳನ್ನು ಕೋಲಿಗೆ ಸಿಕ್ಕಿಸೋದು. ನಿನ್ನೆ ಯಾರೋ ಪದಬಂಧದ ಪುಟಾನೇ ಹರಿದುಕೊಂಡು ಹೋಗಿದ್ದಾರೆ. ಪುಣ್ಯಾತ್ಮ, ಅಲ್ಲೇ ಪೆನ್ನಲ್ಲಿ ತುಂಬಿದ್ದರೂ ಸುಮ್ಮನಿರ್ತಿದ್ದೆ.

ಎಂದಿನವರು ಬಂದರು. ಮೊದಲು ನರ್ಸಮ್ಮ. ನೈಟ್ ಡ್ಯೂಟಿ ಮುಗಿಸಿ ನೇರ ಲೈಬ್ರರಿಗೇ ಬರ್ತಾರೆ. ಮನೇಲಿ ಮಗಳು, ಅಳಿಯ, ಅವರ ಅವಳಿ ಮಕ್ಕಳು, ಜೊತೆಗೆ ಟೀವಿ. ಡಿಕ್ಷನರಿ ಮೇಜಿನ ಮೇಲೆ ತಲೆ ಇಟ್ಟರೆ ಮಧ್ಯಾಹ್ನದವರೆಗೆ ಏಳಲ್ಲ. ಆಮೇಲೆ ಪೇಂಟರ್. ಅಂಗಡಿಗಳಿಗೆ ಬೋರ್ಡ್ ಬರೀತಿದ್ದ. ಈಗ ಎಲ್ಲ ಕಂಪ್ಯೂಟರ್ ಪ್ರಿಂಟು, ಕೈಬರಹ ಯಾರಿಗೂ ಬೇಡ. ಪೇಪರ್ ಹಿಡಿದರೂ ಸುದ್ದಿ ಓದಲ್ಲ, ಹೆಡ್ಡಿಂಗ್‌ನ ಅಕ್ಷರಗಳನ್ನು ಬೈತಾನೆ. ಈ ‘ಳ’ಗೆ ಸೊಂಟವೇ ಇಲ್ಲ ಮೇಡಂ, ಅಂತಾನೆ.

ಇವತ್ತು ಕಟಿಂಗ್‌ನವನೂ ಬಂದಿದ್ದ. ಅವನ ಅಂಗಡಿಗೆ ವಾರದ ರಜೆ. ಆರು ದಿನ ಗಿರಾಕಿ ಜೊತೆ ಮಾತಾಡಿ ಮಾತಾಡಿ ದವಡೆ ನೋಯುತ್ತಂತೆ. ಒಂದು ದಿನ ಬಾಯಿ ಮುಚ್ಚಿಕೊಳ್ಳೋಕೆ ಇಲ್ಲಿಗೆ ಬರ್ತಾನೆ.

ಮೂವರೂ ಪುಸ್ತಕ ಮುಟ್ಟಲ್ಲ. ಯಾಕೆ ಬಂದ್ರಿ ಅಂದರೆ ಒಂದೇ ಉತ್ತರ, ಸುಮ್ಮನೆ ಬಂದೆ. ಬರಲಿ. ನನಗೂ ಅವರನ್ನು ಎಬ್ಬಿಸೋ ಶಕ್ತಿ ಇಲ್ಲ.

ಜೂನ್ 4, ಸಂಜೆ

ಹೆಡ್ ಆಫೀಸಿಂದ ಸರ್ಕ್ಯುಲರ್. ಉದ್ದೇಶವಿಲ್ಲದೆ ಕೂರುವವರನ್ನು ನಿರುತ್ಸಾಹಗೊಳಿಸತಕ್ಕದ್ದು. ಬಾಗಿಲಲ್ಲಿ ಬೋರ್ಡ್ ಹಾಕತಕ್ಕದ್ದು. ಒಳಗೆ ಬರುವ ಪ್ರತಿಯೊಬ್ಬರನ್ನೂ ಬಂದ ಕಾರಣ ಕೇಳತಕ್ಕದ್ದು. ತಕ್ಕದ್ದು, ತಕ್ಕದ್ದು... ಓದಿ ಮುಗಿಸೋಷ್ಟರಲ್ಲಿ ತಲೆ ಚಿಟ್ಟು ಹಿಡಿಯಿತು.

ಮನೆಗೆ ಬಂದರೆ ತಮ್ಮನ ರೂಮಿನ ಬಾಗಿಲು ಎಂದಿನ ಹಾಗೆ ಮುಚ್ಚಿತ್ತು. ಹೊರಗೆ ತಟ್ಟೆ. ಅರ್ಧ ತಿಂದಿದ್ದಾನೆ. ಅರ್ಧ ಅಂದರೆ ಒಳ್ಳೇ ದಿನ ಅಂತಲೇ ಲೆಕ್ಕ.

ಜೂನ್ 9

ರಜೆ ಹಾಕಿ ಡಾಕ್ಟರ ಹತ್ತಿರ ಹೋಗಿದ್ದೆ. ಒಬ್ಬಳೇ. ತಮ್ಮ ಬರಲ್ಲ, ಗೊತ್ತಿತ್ತು.

ಎಲ್ಲ ಹೇಳಿದೆ. ಬಲ್ಬ್ ಕಾರ್ಖಾನೆಯಲ್ಲಿದ್ದ, ಬಲ್ಬ್ ಉರಿಯುತ್ತಾ ಇಲ್ಲವಾ ನೋಡೋ ಕೆಲಸ. ಕಾರ್ಖಾನೆ ಮುಚ್ಚಿತು. ಮೊದಮೊದಲು ಸರಿಯಾಗೇ ಇದ್ದ. ಆಮೇಲೆ ದಾರೀಲಿ ಸಿಕ್ಕಿದವರೆಲ್ಲ ಕೇಳೋಕೆ ಶುರು ಮಾಡಿದರು. ಮತ್ತೆ, ಈಗ ಏನು ಮಾಡ್ತಿದ್ದೀರಾ? ಅಂಗಡಿಯವನು ಕೇಳಿದ. ಎದುರುಮನೆಯವರು ಕೇಳಿದರು. ದೊಡ್ಡಪ್ಪನ ಮಕ್ಕಳು ಫೋನ್ ಮಾಡಿ ಕೇಳಿದರು. ಕೇಳಿದವರಲ್ಲಿ ಕೆಟ್ಟವರು ಯಾರೂ ಇಲ್ಲ. ಒಂದು ದಿನ ಕಟಿಂಗ್ ಮಾಡಿಸಿಕೊಳ್ಳೋಕೆ ಹೋದವನು ಅರ್ಧಕ್ಕೇ ಎದ್ದು ಬಂದ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ನಗು ಬಂತು ನನಗೆ. ಮಾರನೇ ದಿನದಿಂದ ಹೊರಗೇ ಹೋಗಲಿಲ್ಲ. ಈಗ ಕೂದಲು ಭುಜ ಮುಟ್ಟುತ್ತಿದೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಕನ್ನಡಕ ತೆಗೆದು ಒರೆಸಿದರು. ಮಾತ್ರೆ ಕೊಡಬಹುದು, ಮೊದಲು ಅವರು ಮನೆಯಿಂದ ಒಂದು ಹೆಜ್ಜೆ ಆಚೆ ಇಡಲಿ, ಅಂದರು. “ಎಲ್ಲಾದರೂ ಹೋಗಿ ಕೂತು ಬರಲಿ. ನಾಲ್ಕು ಜನ ಇರಬೇಕು, ಆದರೆ ಯಾರೂ ಏನೂ ಕೇಳಬಾರದು. ಅಂಥ ಜಾಗ ಯಾವುದಾದರೂ ಇದೆಯಾ?”

ಇಲ್ಲ ಅಂದೆ. ಈ ಲೋಕದಲ್ಲಿ ಅಂಥ ಜಾಗ ಎಲ್ಲಿದೆ ಡಾಕ್ಟರೇ ಅಂತ ನಕ್ಕು ಎದ್ದು ಬಂದೆ. ಬಸ್ಸಲ್ಲಿ ನಿಂತೇ ಬಂದೆ. ಮಂಡಿ ಉರಿ.

ಜೂನ್ 12

ಬೋರ್ಡ್ ಬರೆಯೋಕೆ ಪೇಂಟರ್‌ಗೇ ಹೇಳಿದೆ. ಏನು ಬರೀಬೇಕು ಅಂತ ಕೇಳಿ ಸಪ್ಪಗಾಗ್ತಾನೆ ಅಂದುಕೊಂಡಿದ್ದೆ. ಎಲ್ಲಿಯ ಸಪ್ಪಗೆ! ಮುಖ ಊರಗಲ ಆಯಿತು. ಕೆಲಸ ಸಿಕ್ಕಿ ಯಾವ ಕಾಲವಾಗಿತ್ತೋ. ಹಿತ್ತಲಲ್ಲಿ ಹಲಗೆ ಉಜ್ಜಿ, ದಾರ ಹಿಡಿದು ಗೆರೆ ಹೊಡೆದು, ನಾಲಿಗೆ ಕಚ್ಚಿಕೊಂಡು ಬರೆದ. ನೀಲಿ ಮೇಲೆ ಬಿಳಿ.

ಸುಮ್ಮನೆ ಕೂರಬಾರದು.

ತನ್ನನ್ನೇ ಹೊರಗೆ ಹಾಕೋ ಬೋರ್ಡನ್ನು ಎಷ್ಟು ಚೆನ್ನಾಗಿ ಬರೆದ ಅಂದರೆ... ಬೈಯೋಕೂ ಬಾಯಿ ಬರಲಿಲ್ಲ. ಕೊನೆಯ ಅಕ್ಷರಗಳ ಮಧ್ಯೆ ಮಾತ್ರ ಜಾಗ ಜಾಸ್ತಿ ಆಗಿತ್ತು. ಇದೇನಯ್ಯಾ ಹಲ್ಲು ಬಿದ್ದ ಹಾಗಿದೆ ಅಂದೆ. “ಅಕ್ಷರಾನೂ ಉಸಿರಾಡಬೇಕಲ್ಲ ಮೇಡಂ” ಅಂದ. ಹಾಳಾಗಿ ಹೋಗಲಿ ಅಂತ ನೇತುಹಾಕಿಸಿದೆ.

ಜೂನ್ 16, ಊಟದ ಹೊತ್ತು

ಬೋರ್ಡಿಗೆ ಎಲ್ಲರೂ ಉಪಾಯ ಕಂಡುಕೊಂಡಿದ್ದಾರೆ. ನರ್ಸಮ್ಮ ಅಟ್ಲಾಸ್ ಕೇಳಿ ಪಡೆದು ಅದರ ಮೇಲೆ ಮಲಗ್ತಾರೆ. ಇವತ್ತು ಸಾಗರದ ಮೇಲೆ ಮಲಗಿದ್ದರು, ಎದ್ದಾಗ ಕೆನ್ನೆಯೆಲ್ಲ ನೀಲಿ ಇರಬಹುದು ಅಂತ ಪೇಂಟರ್ ಕಾದು ನೋಡಿದ. ಕಟಿಂಗ್‌ನವನು ವಿಶ್ವಕೋಶದ ಒಂದು ಸಂಪುಟ ತೆಗೆದುಕೊಂಡ. ‘ಯಾಕೆ ಬಂದಿರಿ’ ಅಂದೆ. ‘ಜ್ಞಾನಕ್ಕೆ’ ಅಂದ. ಪುಸ್ತಕ ತಲೆಕೆಳಗಾಗಿತ್ತು.

ನನಗೆ ಮಾತ್ರ ಕೇಳಿ ಕೇಳಿ ಬಾಯಿ ಬಿದ್ದು ಹೋಗ್ತಿದೆ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು. ಏನು ಬೇಕಿತ್ತು? ಯಾಕೆ ಬಂದಿದ್ದೀರಿ? ತಲೆ ಎತ್ತೋದೂ ಬೇಕಾಗಿಲ್ಲ, ತಾನಾಗೇ ಬರುತ್ತೆ. ಬೆಳಿಗ್ಗೆ ಮನೆ ಬಾಗಿಲಿಗೆ ಬಂದ ಹಾಲಿನವನನ್ನೂ ಕೇಳಿದೆ, ಯಾಕೆ ಬಂದಿದ್ದೀರಿ ಅಂತ. ಹಾಲು ಕೊಡೋಕಮ್ಮ ಅಂದ, ಪಾಪ.

ಸುಮ್ಮನೆ ಬರ್ತಿದ್ದ ಇನ್ನೂ ಕೆಲವರು ಬರೋದು ಬಿಟ್ಟಿದ್ದಾರೆ. ಜೊತೆಗೆ ಹೆಣೆಯೋ ನೂಲು ತರ್ತಿದ್ದ ಮುದುಕಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದು, ದೊಡ್ಡವರ ಮುಖ ನೋಡಿದ ಹಾಗಾಗುತ್ತೆ ಅಂತ ಕೂರ್ತಿದ್ದ ಹುಡುಗಿ. ಹಾಲ್ ದೊಡ್ಡದು ಅನ್ನಿಸುತ್ತೆ ಈಗ.

ಜೂನ್ 21, ಸಂಜೆ

ಇವತ್ತು ತಮ್ಮ ನಕ್ಕ! ಬರೆದಿಡಬೇಕು ಇದನ್ನ.

ಅವನ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಮಂಡಿಗೆ ಮುಲಾಮು ತಿಕ್ಕುತ್ತಿದ್ದೆ. ಒಳಗಿಂದ ಉತ್ತರ ಬರಲ್ಲ, ಆದರೂ ದಿನವೂ ಏನಾದರೂ ಹೇಳ್ತೀನಿ. ವಿಶ್ವಕೋಶ ತಲೆಕೆಳಗೆ ಹಿಡಿದ ಕಟಿಂಗ್‌ನವನ ಕಥೆ ಹೇಳಿದೆ. ಜ್ಞಾನಕ್ಕೆ ಅಂದ ಅಂತ ಹೇಳಿದ್ದೇ ತಡ, ಒಳಗೆ ಕಿಸಕ್ ಅಂತ ಸದ್ದು. ಕೆಮ್ಮು ಅಂದುಕೊಂಡೆ. ಅಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಹತ್ತಿರ ಬಂದು ಕೇಳಿದ. “ಅಲ್ಲಿ ಕಿಟಕಿ ಪಕ್ಕ ಕುರ್ಚಿ ಇದೆಯಾ ಅಕ್ಕ?”

ಇದೆ ಅಂದೆ. ಬಾರೋ ಒಂದು ದಿನ, ಸುಮ್ಮನೆ ಬಂದು ಕೂತು ಹೋಗು, ಯಾರೂ ಏನೂ ಕೇಳಲ್ಲ, ನಾನಿದ್ದೀನಲ್ಲ. ಹೀಗೇ ಹೇಳಿದೆ. ಇದೇ ಮಾತು. ನೀಲಿ ಚೌಕಳಿ ಶರ್ಟು ಇಸ್ತ್ರಿ ಮಾಡಿ ಅವನ ಬಾಗಿಲ ಹಿಡಿಗೆ ನೇತುಹಾಕಿದೆ. ಈಗ ನೋಡಿದರೆ ಶರ್ಟು ಅಲ್ಲಿಲ್ಲ, ಒಳಗೆ ತಗೊಂಡಿದ್ದಾನೆ.

ಡಾಕ್ಟರು ಹೇಳಿದ ಜಾಗ ಕಣ್ಣೆದುರೇ ಇತ್ತಲ್ಲ. ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಜೂನ್ 26, ಮಧ್ಯಾಹ್ನ

ಬರೆಯೋಕೆ ಮನಸ್ಸಿಲ್ಲ. ಆದರೂ ಬರೀತೀನಿ.

ಸ್ಟಾಕ್ ತಾಳೆ ನೋಡ್ತಿದ್ದೆ. ತಲೆ ಬಗ್ಗಿಸಿಕೊಂಡಿದ್ದೆ. ಬಾಗಿಲಲ್ಲಿ ನೆರಳು ಬಿತ್ತು.

“ಏನು ಬೇಕಿತ್ತು?” ಅಂದೆ.

ನೆರಳು ಅಲ್ಲೇ ನಿಂತಿತು.

“ಯಾಕೆ ಬಂದಿದ್ದೀರಿ, ಹೇಳಿ.”

“ಏನಿಲ್ಲ... ಸುಮ್ಮನೆ.”

“ಸುಮ್ಮನೆ ಕೂರೋ ಹಾಗಿಲ್ಲ. ಬೋರ್ಡ್ ನೋಡಿ.”

ಆ ದನಿ ಮೊದಲು ಕಿವಿಗೆ ಬಿತ್ತು, ಯಾರದು ಅಂತ ಆಮೇಲೆ ಹೊಳೆಯಿತು. ತಲೆ ಎತ್ತಿದೆ. ನೀಲಿ ಚೌಕಳಿ ಶರ್ಟಿನ ಬೆನ್ನು. ಉದ್ದ ಕೂದಲನ್ನು ನೀರು ಹಾಕಿ ಬಾಚಿಕೊಂಡಿದ್ದ. ಮೆಟ್ಟಿಲು ಇಳೀತಿದ್ದ.

ಓಡಿದೆ. ಮಂಡಿ ಕೈಕೊಟ್ಟಿತು. ಎರಡನೇ ಮೆಟ್ಟಿಲಲ್ಲೇ ಕೂತುಬಿಟ್ಟೆ. ಕೂಗಿದರೆ ರಸ್ತೆಯವರೆಲ್ಲ ಅವನನ್ನೇ ನೋಡ್ತಾರೆ, ಕೂಗಲಿಲ್ಲ. ರಸ್ತೆ ತಿರುವಿನವರೆಗೂ ನೋಡಿದೆ. ಅವನು ತಿರುಗಲಿಲ್ಲ.

ಲೋಕವೆಲ್ಲ ಕೇಳಿದ್ದನ್ನು ನಾನೂ ಕೇಳಿದೆ. ಅದೂ ಯಾರೂ ಕೇಳಲ್ಲ ಬಾ ಅಂತ ಕರೆದವಳು. ನನ್ನ ನಾಲಿಗೆಗೆ ಬೆಂಕಿ ಹಾಕ.

ಜೂನ್ 26, ಸಂಜೆ

ಶರ್ಟು ಮಡಿಸಿ ಬಾಗಿಲ ಹೊರಗೆ ಇಟ್ಟಿದ್ದಾನೆ. ಒಳಗಿಂದ ಚಿಲಕ ಹಾಕಿದೆ. ಇಷ್ಟು ದಿನ ಬರೀ ಮುಚ್ಚಿರ್ತಿತ್ತು, ಚಿಲಕ ಇರಲಿಲ್ಲ.

ಜುಲೈ 7

ಬರೆಯೋಕೆ ಆಗಿರಲಿಲ್ಲ. ರಜೆ ಹಾಕಿ ಮನೇಲೇ ಇದ್ದೆ. ತಟ್ಟೆ ಒಂದೊಂದು ದಿನ ಇಟ್ಟ ಹಾಗೇ ವಾಪಸ್ ಬರುತ್ತೆ. ನಾನು ನಿದ್ದೆ ಹೋದ ಮೇಲೆ ಯಾವಾಗಲೋ ಎದ್ದು ನೀರು ಕುಡೀತಾನೆ, ಲೋಟ ಒದ್ದೆ ಇರುತ್ತೆ. ಬಾಗಿಲ ಹೊರಗೆ ಕೂತು ಹೇಳಿದೆ. ತಪ್ಪಾಯ್ತು ಕಣೋ, ನೋಡಲಿಲ್ಲ, ಅಭ್ಯಾಸಬಲ, ಇನ್ನು ಯಾರನ್ನೂ ಕೇಳಲ್ಲ. ಒಳಗಿಂದ ಒಂದೇ ಮಾತು ಬಂತು.

“ಕೇಳೋದು ನಿನ್ನ ಕೆಲಸ ಅಲ್ವಾ ಅಕ್ಕ. ಬೇಜಾರಿಲ್ಲ.”

ಬೇಜಾರಿಲ್ಲ ಅಂದನಲ್ಲ, ಅದನ್ನೇ ತಡೆಯೋಕೆ ಆಗಲಿಲ್ಲ. ಬೈದಿದ್ದರೆ ತಡಕೊಳ್ತಿದ್ದೆ.

ಇವತ್ತು ಕೆಲಸಕ್ಕೆ ಹೋದೆ. ಮನೇಲಿ ಕೂತು ಮಾಡೋದಾದರೂ ಏನು. ಶಟರ್ ಅರ್ಧಕ್ಕೆ ನಿಂತಾಗ ಪೇಂಟರ್ ಬಂದು ಕೈ ಹಾಕಿದ. ಇಷ್ಟು ದಿನ ಎಲ್ಲಿದ್ರಿ ಅಂತ ಕೇಳಲಿಲ್ಲ. ನರ್ಸಮ್ಮ ಫ್ಲಾಸ್ಕಿಂದ ಟೀ ಬಗ್ಗಿಸಿ ನನ್ನ ಮೇಜಿನ ಮೇಲಿಟ್ಟು ಹೋಗಿ ಮಲಗಿದರು. ಕಟಿಂಗ್‌ನವನ ರಜೆ ಇವತ್ತು, ಅವನೂ ಇದ್ದ. ನನ್ನ ಮುಖ ನೋಡಿ ವಿಶ್ವಕೋಶ ಸರಿಯಾಗಿ ಹಿಡಿದುಕೊಂಡ.

ಅವರು ಕೇಳಲಿಲ್ಲ, ಅದಕ್ಕೇ ಹೇಳಿಬಿಟ್ಟೆ. ಎಲ್ಲ. ತಮ್ಮ, ಬಾಗಿಲು, ಶರ್ಟು, ಬೋರ್ಡು. ಇಶ್ಯೂ ಕೌಂಟರ್‌ನಲ್ಲಿ ನಿಂತು ಗಳಗಳ ಅತ್ತೆ. ಈ ಹಾಲಿನಲ್ಲಿ ಜೋರಾಗಿ ಕೆಮ್ಮಿದವರಿಗೂ ಕಣ್ಣು ಬಿಡ್ತಿದ್ದವಳು ನಾನು.

ನರ್ಸಮ್ಮ ಎದ್ದು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು. ಕಟಿಂಗ್‌ನವನು ಮಾತ್ರ ಅಲ್ಲಾಡಲಿಲ್ಲ. ಅರ್ಧ ಕಟಿಂಗ್‌ಗೆ ಎದ್ದು ಹೋದವರಾ, ಅಂತ ಕೇಳಿದ. ಹೌದು ಅಂದೆ.

“ನನ್ನ ಅಂಗಡೀಲೇ ಮೇಡಂ. ಮತ್ತೆ ಈಗ ಏನ್ ಮಾಡ್ತಿದ್ದೀರಾ ಸಾರ್ ಅಂದೆ. ಎಲ್ಲರನ್ನೂ ಕೇಳೋದೇ ಅದು. ಉತ್ತರ ಯಾವತ್ತೂ ಕೇಳಿಸಿಕೊಂಡೋನಲ್ಲ.”

ಹೋಗುವಾಗ ಮನೆ ಎಲ್ಲಿ ಅಂತ ಮಾತ್ರ ವಿಚಾರಿಸಿಕೊಂಡ.

ಜುಲೈ 9, ಸಂಜೆ

ಕಟಿಂಗ್‌ನವನು ಮನೆಗೇ ಬಂದ. ಅಂಗಡಿ ಮಧ್ಯಾಹ್ನಕ್ಕೇ ಮುಚ್ಚಿದ್ದ. ಕೈಯಲ್ಲಿ ಪೆಟ್ಟಿಗೆ. ನನಗೆ ಸನ್ನೆ ಮಾಡಿದ, ನೀವು ಅಡುಗೆಮನೆಯಲ್ಲಿರಿ ಅಂತ.

ಬಾಗಿಲು ತಟ್ಟಲಿಲ್ಲ. ಹೊರಗೆ ಸ್ಟೂಲ್ ಹಾಕಿದ. ಪೆಟ್ಟಿಗೆ ತೆರೆದ. ಬಾಚಣಿಗೆ, ಬಟ್ಟೆ, ನೀರು ಚಿಮುಕಿಸೋ ಬಾಟಲಿ ಎಲ್ಲ ಜೋಡಿಸಿದ. ಆಮೇಲೆ ನಿಂತುಕೊಂಡು ಗಾಳಿಯಲ್ಲಿ ಕತ್ತರಿ ಆಡಿಸಿದ. ಕಚಕ್ ಕಚಕ್. ನಿಲ್ಲಿಸೋದು. ಮತ್ತೆ ಕಚಕ್ ಕಚಕ್. ಮಾತೇ ಇಲ್ಲ. ನಾನು ಅಡುಗೆಮನೆಯಿಂದ ಇಣುಕಿ ನೋಡ್ತಿದ್ದೆ. ಇವನಿಗೇನು ತಲೆ ಕೆಟ್ಟಿದೆಯಾ ಅಂದುಕೊಂಡೆ. ಒಲೆ ಮೇಲಿನ ಹಾಲು ಉಕ್ಕಿ ಹೋಯಿತು, ಹೋಗಲಿ.

ಕಿಟಕಿ ಬಿಸಿಲು ಗೋಡೆಯಿಂದ ಇಳಿದು ಹೋಗೋವರೆಗೂ ಹಾಗೇ ಮಾಡಿದ. ಆಮೇಲೆ ಚಿಲಕ ತೆಗೆದ ಸದ್ದು.

ತಮ್ಮ ಬಂದು ಸ್ಟೂಲ್ ಮೇಲೆ ಕೂತ. ಎಷ್ಟು ಬಿಳಿಚಿಕೊಂಡಿದ್ದಾನೆ... ಕಟಿಂಗ್‌ನವನು ಬಟ್ಟೆ ಹೊದಿಸಿದ. ಮೊದಲು ಆ ಗಿಡ್ಡ ಕಡೆ ನೋಡಿದ, ಅಲ್ಲಿಂದಲೇ ಶುರು ಮಾಡಿದ. ಕತ್ತರಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕಿವಿ ಹಿಂದಿನ ಒಂದೊಂದು ಎಳೆಯನ್ನೂ ತೆಗೆದ. ಕೊನೆಗೆ ಕನ್ನಡಿ ಹಿಡಿದ. ತಮ್ಮ ನೋಡಿಕೊಂಡ, ತಲೆ ಆಡಿಸಿದ. ಇವನೂ ತಲೆ ಆಡಿಸಿದ.

ಬಾಗಿಲವರೆಗೆ ಬಿಟ್ಟು ಬರೋಕೆ ಹೋದೆ. ಕಟಿಂಗ್‌ನವನಿಗೆ ಹಣೆಯೆಲ್ಲ ಬೆವರು. ಮಾತಾಡದೆ ಕೆಲಸ ಮಾಡೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಮೇಡಂ, ಅಂದ.

ಚಿಲಕ ಮತ್ತೆ ಹಾಕಿಲ್ಲ ತಮ್ಮ. ಈಗಷ್ಟೇ ನೋಡಿ ಬಂದೆ.

ಜುಲೈ 11

ಪೇಂಟರ್‌ನ ಕರೆದು ಬೋರ್ಡ್ ಇಳಿಸು ಅಂದೆ. ಯಾಕೆ ಇಳಿಸೋದು, ಒಂದು ದೀರ್ಘ ಒರೆಸಿ ಒಂದು ಅಕ್ಷರ ಬದಲಾಯಿಸಿದರೆ ಆಯ್ತಲ್ಲ, ಅಂದ. ‘ಬಾ’ದ ದೀರ್ಘ ತೆಗೆದ. ‘ರ’ ಒರೆಸಿದ. ಆ ಜಾಗದಲ್ಲಿ ‘ಹು’ ಬರೆದ. ಕೊಂಬಿನ ಸಮೇತ ಸರಿಯಾಗಿ ಕೂತಿತು, ಹಲ್ಲು ಬಿದ್ದ ಜಾಗ ತುಂಬಿತು.

ಸುಮ್ಮನೆ ಕೂರಬಹುದು.

ಆವತ್ತೇ ಜಾಗ ಬಿಟ್ಟಿದ್ದೆಯಲ್ಲೋ ಕಳ್ಳ, ಅಂದೆ. ಬ್ರಷ್ ಒರೆಸುತ್ತಾ ನಿಂತ. “ಒಂದಲ್ಲ ಒಂದು ದಿನ ನಿಮಗೆ ಸುಸ್ತಾಗುತ್ತೆ ಅಂತ ಗೊತ್ತಿತ್ತು ಮೇಡಂ. ಬಾಗಿಲು ಕಾಯೋ ಮುಖ ಅಲ್ಲ ನಿಮ್ಮದು.”

ಸುಸ್ತಂತೂ ಆಗಿದೆ. ಆದರೆ ಇವತ್ತಿನ ಸುಸ್ತಿಗೆ ನಿದ್ದೆ ಬರುತ್ತೆ ಅನ್ನಿಸುತ್ತೆ.

ಜುಲೈ 17

ಹೆಡ್ ಆಫೀಸಿನ ಸಾಹೇಬರು ಇನ್ಸ್‌ಪೆಕ್ಷನ್‌ಗೆ ಬಂದರು. ಬೋರ್ಡ್ ಓದಿದರು. ಮತ್ತೊಂದು ಸಲ ಓದಿದರು. ಕನ್ನಡ ಮರೆತು ಹೋಯಿತೇನೋ ಅನ್ನೋ ಹಾಗೆ ನನ್ನ ಮುಖ ನೋಡಿದರು. ಸರ್ಕ್ಯುಲರ್ ಬಂದಿಲ್ಲವಾ ನಿಮಗೆ ಅಂದರು. ಬಂದಿದೆ ಸಾರ್ ಅಂದೆ. ಇವರೆಲ್ಲ ಯಾಕೆ ಬಂದಿದ್ದಾರೆ ಅಂದರು. ಗೊತ್ತಿಲ್ಲ ಸಾರ್, ನಾನು ಕೇಳಲ್ಲ, ಅಂದೆ. ಅಷ್ಟು ಹೊತ್ತಿಗೆ ಮೂಲೆಯಲ್ಲಿ ಆ ಹುಡುಗಿಯ ಕೂಸು ಕಿಟಾರನೆ ಕಿರುಚಿತು. ನೂಲಿನ ಮುದುಕಿ ಎತ್ತಿಕೊಂಡು ಓಲಾಡಿಸಿದಳು. ಇಬ್ಬರೂ ಮತ್ತೆ ಬರೋಕೆ ಶುರು ಮಾಡಿದ್ದಾರೆ, ಯಾರು ಹೇಳಿದರೋ.

ಮೆಮೊ ಕೊಟ್ಟು ಹೋದರು. ತಿಂಗಳ ಕೊನೆಗೆ ಬೋರ್ಡ್ ತೆಗೆಸ್ತಾರಂತೆ. ನನ್ನನ್ನು ಹೆಡ್ ಆಫೀಸಿನ ಗೋಡೌನಿಗೆ ಹಾಕ್ತಾರಂತೆ. ಹಾಕಲಿ. ಅಲ್ಲಿ ಶಟರ್ ಇಲ್ಲ, ಮಂಡಿಗೆ ಒಳ್ಳೇದೇ.

ಸುಳ್ಳು. ಭಯ ಆಗ್ತಿದೆ. ನನಗೋಸ್ಕರ ಅಲ್ಲ. ತಮ್ಮ ಇನ್ನೂ ಬಂದಿಲ್ಲ. ತಿಂಗಳ ಕೊನೆಯಾದ ಮೇಲೆ ಈ ಕೌಂಟರಲ್ಲಿ ಯಾರು ಕೂರ್ತಾರೋ, ಏನು ಕೇಳ್ತಾರೋ.

ಜುಲೈ 20, ಸಂಜೆ

ತಮ್ಮನಿಗೆ ಬಾ ಅಂತ ಹೇಳಿಲ್ಲ. ಬೋರ್ಡಿನ ವಿಷಯವನ್ನಷ್ಟೇ ಹೇಳಿದೆ. ಎರಡೇ ಅಕ್ಷರದ ಕೆಲಸ ಅಂತ. ಈಗ ರೂಮಿಂದ ಮನೆ ಹಾಲ್‌ಗೆ ಬಂದು ಕೂತು ಉಣ್ತಾನೆ, ಗೋಡೆ ನೋಡಿಕೊಂಡು. ಕೇಳಿಸಿಕೊಂಡ. ಅಡುಗೆಮನೆಯ ಬಲ್ಬು ಹೋಗಿ ವಾರವಾಗಿತ್ತು. ನಾನು ಕೈ ತೊಳೆದು ಬರೋಷ್ಟರಲ್ಲಿ ಸ್ಟೂಲ್ ಹತ್ತಿ ಬದಲಾಯಿಸಿದ್ದ. ಸ್ವಿಚ್ ಹಾಕಿ ನೋಡಿದ, ಆರಿಸಿದ, ಮತ್ತೆ ಹಾಕಿ ನೋಡಿದ. ಉರೀತು.

ನೀಲಿ ಚೌಕಳಿ ಶರ್ಟು ಇಸ್ತ್ರಿ ಮಾಡಿದ್ದೀನಿ. ಬಾಗಿಲ ಹಿಡಿಗೆ ಹಾಕಲಿಲ್ಲ. ಕುರ್ಚಿ ಮೇಲೆ ಇಟ್ಟಿದ್ದೀನಿ, ನನ್ನ ಬಟ್ಟೆ ಜೊತೆಗೆ. ಬೇಕಿದ್ದರೆ ತಗೊಳ್ಳಲಿ.

ಜುಲೈ 24, ಬೆಳಿಗ್ಗೆ ಹನ್ನೊಂದು

ಕೌಂಟರಲ್ಲೇ ಕೂತು ಬರೀತಿದ್ದೀನಿ. ಕೆಲಸ ಇದೆ, ಮಾಡೋಕೆ ಮನಸ್ಸಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಕುರ್ಚಿ ಮೇಲೆ ಶರ್ಟು ಇರಲಿಲ್ಲ. ಅಷ್ಟಕ್ಕೇ ಬೆಳಗಿಂದ ಬಾಗಿಲ ಕಡೆಗೇ ಕಿವಿ. ಒಗೆಯೋಕೆ ಹಾಕಿದ್ದಾನೋ ಏನೋ.

ನರ್ಸಮ್ಮ ಮಲಗಿದ್ದಾರೆ, ಅಟ್ಲಾಸ್ ಇಲ್ಲದೆ. ಪೇಂಟರ್ ಹೆಡ್ಡಿಂಗ್‌ಗಳನ್ನು ಬೈತಿದ್ದಾನೆ, ಮೆತ್ತಗೆ. ಕೂಸು ನೂಲಿನುಂಡೆ ಕಚ್ಚುತ್ತಿದೆ. ಹಾಲ್ ಮುಕ್ಕಾಲು ತುಂಬಿದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮಾತ್ರ ಯಾರೂ ಕೂತಿಲ್ಲ. ಎಷ್ಟು ದಿನದಿಂದಲೋ ಹೀಗೇ. ನಾನು ಹೇಳಿಲ್ಲ. ಹೊಸಬರು ಯಾರಾದರೂ ಆ ಕಡೆ ಹೋದರೆ ಪೇಂಟರ್ ಬೇರೆ ಕುರ್ಚಿ ಎಳೆದು ಕೊಡ್ತಾನೆ.

ಬಾಗಿಲಲ್ಲಿ ನೆರಳು ಬಿತ್ತು.

ತಲೆ ಎತ್ತಲ್ಲ. ಬರೀತಾ ಇರ್ತೀನಿ. ಬೋರ್ಡ್ ಮುಂದೆ ನಿಂತ ಹಾಗಿದೆ. ಓದ್ತಿರಬೇಕು. ಎಷ್ಟು ಹೊತ್ತು ಓದ್ತಾರೆ ಎರಡು ಪದಾನ... ನಾಲಿಗೆ ತುದಿಗೆ ಬಂದಿದೆ, ಹಲ್ಲು ಕಚ್ಚಿ ಹಿಡಿದಿದ್ದೀನಿ. ಏನು ಬೇಕಿತ್ತು... ಇಲ್ಲ. ಕೇಳಲ್ಲ.

ಚಪ್ಪಲಿ ಸದ್ದು. ಒಳಗೆ. ಕೌಂಟರ್ ಮುಂದೆ ನಿಂತಿತು. ಕಣ್ಣಂಚಿನಲ್ಲಿ ನೀಲಿ ಚೌಕಳಿ ತೋಳು ಕಾಣ್ತಿದೆ. ಕಾಣದವಳ ಹಾಗೆ ಬರೀತಿದ್ದೀನಿ. ಪೇಂಟರ್ ಬೈಯೋದು ನಿಲ್ಲಿಸಿ ಪುಟ ತಿರುಗಿಸಿದ. ಯಾರೂ ಏನೂ ಕೇಳಲಿಲ್ಲ, ದೇವರಾಣೆ ಒಬ್ಬರೂ ಕೇಳಲಿಲ್ಲ. ಸದ್ದು ಮುಂದೆ ಹೋಯಿತು. ಕಿಟಕಿ ಕಡೆ. ಕುರ್ಚಿ ಎಳೆದ ಸದ್ದು.

ಅಕ್ಷರ ಕಾಣ್ತಿಲ್ಲ, ಕಣ್ಣಲ್ಲಿ ನೀರು. ಪೆನ್ನು ನಿಂತರೆ ತಲೆ ಎತ್ತಿಬಿಡ್ತೀನಿ. ಅದಕ್ಕೇ ಬರೀತಿದ್ದೀನಿ, ಏನಾದರೂ, ಸುಮ್ಮನೆ, ಸುಮ್ಮ